ಚೆಲ್ಲದ ಲೋಟ

೭ ಜೂನ್ ೨೦೦೪, ಸೋಮವಾರ

ಮಿಲಿಂದನ ಅಪ್ಪನನ್ನು ಇವತ್ತು ಆಸ್ಪತ್ರೆಯಿಂದ ಮನೆಗೆ ಕರೆತಂದೆವು. ಬಲಗೈ, ಬಲಗಾಲು ಹೇಳಿದ ಮಾತು ಕೇಳುತ್ತಿಲ್ಲ. ಬಾಯಲ್ಲಿ ‘ಏ’ ಅನ್ನುವುದೊಂದು ಉಳಿದಿದೆ. ಹೌದಿಗೂ ಅದೇ, ಅಲ್ಲಕ್ಕೂ ಅದೇ. ನಾವು ಹೇಳಿದ್ದೆಲ್ಲ ಅವರಿಗೆ ತಿಳಿಯುತ್ತದೆ, ನುಂಗಲು ತೊಂದರೆಯಿಲ್ಲ ಎಂದರು ಡಾಕ್ಟರು. ಇಷ್ಟು ದಿನ ಸಲೈನು, ಹಾಲು, ಹಣ್ಣಿನ ರಸದಲ್ಲಿ ಕಳೆದಿದೆ. ಇನ್ನು ಅನ್ನ ಶುರು ಮಾಡಬೇಕು. ಬಾಯಿಗೆ ತುತ್ತಿಡುವ ಅಭ್ಯಾಸ ಮಾಡಬೇಡಿ, ಎಡಗೈಯಿಂದ ತಾವೇ ಉಣ್ಣಲಿ, ಆಗಲೇ ಮೈಗೂ ಮನಸ್ಸಿಗೂ ಬಲ ಬರುವುದು ಅಂದರು.

ಇಲ್ಲಿ ಯಾರೂ ಓದುವುದಿಲ್ಲವಾದ್ದರಿಂದ ಬರೆಯುತ್ತೇನೆ: ನನಗೆ ಹುರುಪೇ ಬಂತು. ಡಬ್ಬಿ, ಬಾಟಲಿ, ಲೋಟಗಳಿಗೆ ರೂಪ ಕೊಡುವುದು ನನ್ನ ಹೊಟ್ಟೆಪಾಡು. ಊರಿಗೆ ಊರೇ ಸಾಫ್ಟ್‌ವೇರಿನ ಹಿಂದೆ ಬಿದ್ದಿರುವಾಗ ಬೇಗಂಪೇಟೆಯ ನಮ್ಮ ಪುಟ್ಟ ಆಫೀಸು ಇನ್ನೂ ಕೈಯಲ್ಲಿ ಹಿಡಿಯುವ ಸಾಮಾನಿನ ಬಗ್ಗೆ ತಲೆ ಕೆಡಿಸಿಕೊಳ್ಳುತ್ತದೆ. ಮಾದಾಪುರದಲ್ಲಿ ಪ್ರೋಗ್ರಾಂ ಬರೆಯುವ ನನ್ನ ಗಂಡ ಮಿಲಿಂದ ಇದನ್ನೇ ಹಿಡಿದು ಕಾಡಿಸುತ್ತಾನೆ. “ನನ್ನ ಕೆಲಸದಾಗ ತಪ್ಪಾದ್ರ ಕಂಪ್ಯೂಟರ್ ನಿಲ್ತದ, ನಿನ್ನ ಕೆಲಸದಾಗ ತಪ್ಪಾದ್ರ ನೆಲಾ ಒದ್ದಿ ಆಗ್ತದ, ಅಷ್ಟ.” ಇರಲಿ. ಒಂದು ಕೈಯ ಮನುಷ್ಯನಿಗೆ ಒಂದು ಮನೆಯನ್ನು ಹೊಂದಿಸುವುದು ಅವನ ಪ್ರೋಗ್ರಾಮಿನಿಂದ ಆಗದು.

ಸಂಜೆಯೊಳಗೆ ಅರ್ಧ ಮನೆ ಬದಲಾಗಿತ್ತು. ಮಂಚದ ಕಾಲಿಗೆ ಮರದ ತುಂಡು ಕೊಟ್ಟು ಎತ್ತರಿಸಿದೆ. ಬಚ್ಚಲ ಬಾಗಿಲ ಚಿಲಕ ಎಡಕ್ಕೆ ಬಂತು. ನೆಲದ ಮೇಲೆ ಮಣೆ ಹಾಕಿ ಕೂತು ಉಣ್ಣುತ್ತಿದ್ದವರಿಗೆ ಈಗ ತೋಳಿನ ಕುರ್ಚಿ, ಮುಂದೆ ಸಣ್ಣ ಮೇಜು. ತಟ್ಟೆಯ ಕೆಳಗೆ ಜಾರದ ರಬ್ಬರು. ಎಲ್ಲ ನೋಡಿ ಅವರು ‘ಏ’ ಅಂದರು. ಮೆಚ್ಚಿಗೆ ಎಂದು ತಿಳಿದುಕೊಂಡೆ.

೧೦ ಜೂನ್, ಗುರುವಾರ

ಅನ್ನ ಮುಟ್ಟುತ್ತಿಲ್ಲ.

ಪ್ರತಿ ಊಟಕ್ಕೂ ಒಂದೇ ಕಥೆ. ತಟ್ಟೆ ಇಡುತ್ತೇನೆ, ಲೋಟದಲ್ಲಿ ನೀರಿಡುತ್ತೇನೆ. ಅವರು ಎಡಗೈಯಲ್ಲಿ ಲೋಟ ಎತ್ತಿ ಮೈಮೇಲೆ ಸುರಿದುಕೊಳ್ಳುತ್ತಾರೆ. ಪಂಚೆ ಒದ್ದೆ, ಮೇಜು ಒದ್ದೆ, ಅನ್ನಕ್ಕೂ ನೀರು. ಬಟ್ಟೆ ತಂದು ಒರೆಸುತ್ತೇನೆ. ಮತ್ತೆ ಲೋಟದ ಕಡೆ ಕೈ ಚಾಚಿ ‘ಏ ಏ’ ಅನ್ನುತ್ತಾರೆ, ಮತ್ತೆ ಚೆಲ್ಲುತ್ತಾರೆ. ಆಮೇಲೆ ಮುಖ ಗೋಡೆಗೆ. ಇವತ್ತು ಕಣ್ಣು ಕೆಂಪಾಗಿತ್ತು. ಮೂವತ್ತು ವರ್ಷ ಸರ್ಕಾರಿ ಲೆಕ್ಕಪತ್ರ ಇಲಾಖೆಯಲ್ಲಿ ಒಂದು ಮಸಿಯ ಹನಿ ಚೆಲ್ಲದೆ ಬರೆದ ಜಯತೀರ್ಥರಾಯರಿಗೆ ಇದಕ್ಕಿಂತ ಅವಮಾನ ಬೇಡ.

ಎಡಗೈಯಲ್ಲಿ ಉಣ್ಣಲು ಹೇಸಿಗೆ ಇರಬೇಕು ಎಂದುಕೊಂಡೆ. ಹತ್ತಿರ ಕೂತು ಹೇಳಿದೆ. “ಮಾವಾರ, ನಮ್ಮ ಮನ್ಯಾಗ ಎಡಗೈ ಅಂದ್ರ ಸಣ್ಣ ಕೈ ಅಲ್ಲರಿ. ನಮ್ಮ ಅಪ್ಪ ಲಿಂಗ ಇಟಗೊಂಡು ಪೂಜಿ ಮಾಡೂದು ಎಡಗೈಯಾಗ.” ಅವರು ನನ್ನನ್ನೇ ನೋಡಿದರು. ಆ ನೋಟದಲ್ಲಿ ಏನಿತ್ತೋ ಓದಲಾಗಲಿಲ್ಲ.

ರಾತ್ರಿ ಮಿಲಿಂದ ಅವಲಕ್ಕಿ ಕಲಸಿ ಕೊಟ್ಟ. ಚಮಚವನ್ನು ಎಡಗೈಯಲ್ಲೇ ಹಿಡಿದು ಬಟ್ಟಲು ಪೂರ್ತಿ ತಿಂದರು. ಬಾಳೆಹಣ್ಣು, ಹಾಲು, ಅದಕ್ಕೂ ತಕರಾರಿಲ್ಲ. ಅಂದರೆ ಹಸಿವಿದೆ, ಎಡಗೈಯೂ ನಡೆಯುತ್ತದೆ. ಅನ್ನ ಮಾತ್ರ ಬೇಡ. ನಾನು ಮಾಡಿದ ಅನ್ನ.

೧೩ ಜೂನ್, ರವಿವಾರ

ಹಾಗೆ ಯೋಚಿಸಬಾರದು ಎಂದು ನನಗೆ ನಾನೇ ಬೈದುಕೊಂಡು ಚಮಚದ ಕೆಲಸಕ್ಕೆ ಕೂತೆ. ಅವಲಕ್ಕಿ ಗಟ್ಟಿ, ಸಾರನ್ನ ಜಾರುತ್ತದೆ, ಅದಕ್ಕೇ ಬೇಡ ಎನ್ನುತ್ತಿರಬಹುದು. ಹಿಡಿಯನ್ನು ದಪ್ಪ ಮಾಡಿದೆ, ಕತ್ತನ್ನು ಒಳಕ್ಕೆ ಬಗ್ಗಿಸಿದೆ. ನನ್ನ ಬಲಗೈಯನ್ನು ದುಪಟ್ಟಾದಿಂದ ಬೆನ್ನಿಗೆ ಕಟ್ಟಿಕೊಂಡು, ಅವರ ಕುರ್ಚಿಯಲ್ಲಿ ಕೂತು, ಅವರ ಹಾಗೆಯೇ ಒಂದು ಇಡೀ ಊಟ ಮಾಡಿದೆ. ಒಂದು ಅಗುಳೂ ಬೀಳಲಿಲ್ಲ. ಬಳಸುವವರ ಜಾಗದಲ್ಲಿ ಕೂತು ನೋಡದೆ ಏನನ್ನೂ ಮಾಡಬೇಡಿ ಎಂದು ಕಾಲೇಜಿನಲ್ಲಿ ಕಲಿಸಿದ್ದು ಇದನ್ನೇ. ಬಾಗಿಲಲ್ಲಿ ಮಿಲಿಂದ ನಿಂತು ನಗುತ್ತಿದ್ದ.

ನೀರಿನ ಗೋಳಿಗೆ ಮದ್ದು ಆಫೀಸಿನಲ್ಲೇ ಇತ್ತು. ಒಂದು ಪ್ಲಾಸ್ಟಿಕ್ ಕಂಪನಿಗೆಂದು ವರ್ಷದಿಂದ ನಾನು ಮಕ್ಕಳ ಲೋಟವೊಂದನ್ನು ಮಾಡುತ್ತಿದ್ದೇನೆ. ಮುಚ್ಚಳವಿದೆ, ಕೊಕ್ಕಿನಂಥ ತುದಿಯಿದೆ, ಚೀಪಿದರೆ ಮಾತ್ರ ನೀರು. ತಲೆಕೆಳಗು ಹಿಡಿದರೂ ಹನಿ ಬೀಳದು. ಬಣ್ಣವಿಲ್ಲದ ಮಾದರಿಯೊಂದನ್ನು ಮನೆಗೆ ತಂದಿದ್ದೇನೆ.

೧೬ ಜೂನ್, ಬುಧವಾರ

ಮೂರು ದಿನದಿಂದ ಒಂದು ಹನಿ ನೀರು ಚೆಲ್ಲಿಲ್ಲ. ಒಂದು ಅಗುಳು ಅನ್ನವೂ ಹೊಟ್ಟೆಗೆ ಹೋಗಿಲ್ಲ.

ಮೊದಲ ದಿನ ಅವರು ಆ ಲೋಟವನ್ನು ತಿರುಗಿಸಿ ಮುರುಗಿಸಿ ನೋಡಿದರು. ಬಗ್ಗಿಸಿದರು. ಏನೂ ಬರಲಿಲ್ಲ. ಅಲುಗಾಡಿಸಿದರು. ಕೊನೆಗೆ ಮೇಜಿನ ಮೇಲಿಟ್ಟು ಕೈ ಹಿಂದಕ್ಕೆ ತೆಗೆದುಕೊಂಡರು. ಅಲ್ಲಿಂದ ಮುಂದೆ ಸಿಟ್ಟೂ ಇಲ್ಲ, ‘ಏ’ಯೂ ಇಲ್ಲ. ತಟ್ಟೆ ಮುಂದಿಟ್ಟರೆ ಅದು ಯಾರದೋ ಎಂಬಂತೆ ಕೂತಿರುತ್ತಾರೆ. ಮಧ್ಯಾಹ್ನದ ಮೇಲೆ ಅವರನ್ನು ನೋಡಿಕೊಳ್ಳಲು ಬರುವ ಯಾದಮ್ಮ, “ಅಮ್ಮಾ, ಅಯ್ಯಗಾರು ತಿಂಟಲೇರು” ಎಂದು, ಉಣ್ಣುತ್ತಿಲ್ಲವೆಂದು, ನಾನು ಚಪ್ಪಲಿ ಬಿಡುವ ಮೊದಲೇ ತನ್ನ ತೆಲುಗಿನಲ್ಲಿ ಹೇಳುತ್ತಾಳೆ. ಅವಲಕ್ಕಿಯೂ ಕಡಿಮೆಯಾಗುತ್ತಿದೆ.

ಇದರ ನಡುವೆ ಆಫೀಸಿನ ಕೆಲಸ. ಮೆಹದಿಪಟ್ಟಣದ ಅಂಗಡಿಯೊಂದರಲ್ಲಿ ನಮ್ಮ ಲೋಟದ ಮಾದರಿಗಳನ್ನು ನಾಲ್ಕಾರು ಬೇರೆ ಲೋಟಗಳ ಜೊತೆ ಇಟ್ಟು, ಗಿರಾಕಿಗಳು ಯಾವುದನ್ನು ಮೊದಲು ಎತ್ತುತ್ತಾರೆಂದು ಮೂಲೆಯಲ್ಲಿ ನಿಂತು ನೋಡಿದೆ. ತಾಯಂದಿರು ಬಣ್ಣ ನೋಡಲಿಲ್ಲ, ಬೆಲೆಯನ್ನೂ ಕೇಳಲಿಲ್ಲ. ಎತ್ತಿದರು, ತಲೆಕೆಳಗು ಮಾಡಿದರು, ನೀರು ಬರಲಿಲ್ಲ, ಬುಟ್ಟಿಗೆ ಹಾಕಿದರು. ನಮ್ಮ ಆಫೀಸಿನ ಯಜಮಾನರು ಸೂರ್ಯನಾರಾಯಣ ಗಾರು ಖುಷಿಯಿಂದ ಆಫೀಸಿಗೆಲ್ಲ ಮಿಠಾಯಿ ತರಿಸಿದರು. ಅಮ್ಮಂದಿರಿಗೆ ಬೇಕಾದದ್ದು ಒಂದೇ, ಚೆಲ್ಲಬಾರದು, ಅದನ್ನು ನೀನು ಹಿಡಿದೆ ಅಂದರು. ನನ್ನ ಪಾಲಿನ ಮಿಠಾಯಿಯನ್ನು ಕಾಗದದಲ್ಲಿ ಸುತ್ತಿ ತಂದೆ. ಮಿಲಿಂದನ ಅಪ್ಪ ಅದನ್ನೂ ಮುಟ್ಟಲಿಲ್ಲ.

೧೯ ಜೂನ್, ಶನಿವಾರ

ಕಲಬುರ್ಗಿಯಿಂದ ಕೃಷ್ಣಾಬಾಯಿ ಬಂದಿದ್ದಾರೆ. ಮಿಲಿಂದನ ಅಪ್ಪನ ಅಕ್ಕ. ಬಂದವರು ತಮ್ಮನ ಕೆನ್ನೆ ಸವರಿ, ಎಲುಬು ಮುಟ್ಟಿ ನೋಡಿ, ನನ್ನ ಕಡೆ ತಿರುಗಿದರು.

“ಅಂವಾ ಎಂದೂ ಬಾಯಿಬಿಟ್ಟು ಹೇಳಿದಾವ ಅಲ್ಲ. ಈಗಂತೂ ಬಾಯೇ ಇಲ್ಲ. ನೀನು ತಿಳಕೋಬೇಕವ್ವಾ.”

ತಿಳಿದುಕೊಂಡೆ. ನಾವು ಲಿಂಗಾಯತರು, ಇವರು ವೈಷ್ಣವ ಬ್ರಾಹ್ಮಣರು. ಮಿಲಿಂದ, ನಾನು ಮದುವೆಯಾದಾಗ ಯಾರೂ ಗದ್ದಲ ಮಾಡಲಿಲ್ಲ. ಅತ್ತೆ ಗಂಗೂಬಾಯಿ ಅಡಿಗೆಮನೆಯ ಬಾಗಿಲಲ್ಲಿ ನಗುತ್ತಲೇ ಅಡ್ಡ ನಿಂತರು, ಅಷ್ಟೆ. ಅವರು ತೀರಿಕೊಂಡ ಮೇಲೆ ಒಲೆ ನನ್ನ ಕೈಗೆ ಬಂತು. ಮೊದಲ ದಿನ ಬಡಿಸಿ ಅಡಿಗೆಮನೆಯಲ್ಲಿ ಕಿವಿಗೊಟ್ಟು ನಿಂತಿದ್ದೆ. ಮಿಲಿಂದನ ಅಪ್ಪ ಉಂಡು ಎದ್ದು, “ಉಪ್ಪು ಸರಿ ಅದ” ಅಂದರು. ಆ ಮೂರು ಮಾತಿನ ಮೇಲೆ ನಾನು ಎರಡು ವರ್ಷ ಬದುಕಿದ್ದೇನೆ. ಈಗ ಅನ್ನಿಸುತ್ತಿದೆ, ಅದು ಬರೀ ಸೌಜನ್ಯವಿರಬೇಕು. ಮಾತು ಇದ್ದಾಗ ಮುಚ್ಚಿಟ್ಟದ್ದನ್ನು ಮಾತು ಹೋದ ಮೇಲೆ ಮೈ ಹೇಳುತ್ತಿದೆ. ನನ್ನ ಕೈಯ ಅನ್ನ ಅವರಿಗೆ ಎಂದೂ ಸೇರಿರಲಿಲ್ಲ.

ಕೃಷ್ಣಾಬಾಯಿ ಸ್ನಾನ ಮಾಡಿ, ಒದ್ದೆ ಸೀರೆಯಲ್ಲಿ ಮಡಿಯಿಂದ ತಾವೇ ಅನ್ನ, ತೊವ್ವೆ ಮಾಡಿದರು. ಬಡಿಸಿ, “ಜಡ್ಡಿನ ಮನಶ್ಯಾಗ ನೇಮಾ ಇಲ್ಲ, ನಿಷ್ಠಾ ಇಲ್ಲ. ಸುಮ್ಮ ಉಣ್ಣೋ ಜಯ್ಯಾ” ಅಂದರು. ಅವರು ಅಕ್ಕನ ಮುಖ ನೋಡಿದರು, ಮುಖ ತಿರುಗಿಸಿದರು. ಅಕ್ಕನ ಅನ್ನವೂ ಬೇಡ.

ನನಗೆ ಎಷ್ಟು ಸಮಾಧಾನವಾಯಿತೆಂದರೆ ಬಚ್ಚಲಿಗೆ ಹೋಗಿ ಅತ್ತೆ. ಒಬ್ಬ ಮನುಷ್ಯ ಹಸಿದು ಸಾಯುತ್ತಿರುವಾಗ ನನಗೆ ಸಮಾಧಾನ. ಎಂಥ ಹೆಂಗಸು ನಾನು.

ಅದೂ ಬಹಳ ಹೊತ್ತು ಉಳಿಯಲಿಲ್ಲ. “ಪಾತ್ರಿ ಎಲ್ಲಾ ನಿನ್ನ ಕೈಯಾಗಿನವೇ ಅಲ್ಲೇನು” ಎಂದು ಕೃಷ್ಣಾಬಾಯಿ ತಣ್ಣಗೆ ಹೇಳಿದರು.

೨೨ ಜೂನ್, ಮಂಗಳವಾರ

ಬೇಗಂ ಬಜಾರಿಗೆ ಹೋಗಿದ್ದೆ. ಇಷ್ಟು ವರ್ಷ ಬೇರೆಯವರು ಹೇಗೆ ಸಾಮಾನು ಆರಿಸುತ್ತಾರೆಂದು ನೋಡಿ ಟಿಪ್ಪಣಿ ಮಾಡಿದವಳು ನಾನು. ಇವತ್ತು ಯಾರಾದರೂ ನನ್ನನ್ನು ನೋಡಿ ಬರೆದಿದ್ದರೆ ಏನು ಬರೆಯುತ್ತಿದ್ದರೋ. ತೂಕ ನೋಡಲಿಲ್ಲ, ಅಂಚು ಸವರಲಿಲ್ಲ. ಯಾವ ಕೈಯೂ ತಾಗದ ಪಾತ್ರೆ ಬೇಕಿತ್ತು, ಕಾಗದ ಸುತ್ತಿದ್ದನ್ನೇ ಕೊಡಿ ಎಂದು ಅಂಗಡಿಯವನಿಗೆ ಹೇಳಿದೆ. ಅನ್ನದ ಪಾತ್ರೆ, ತಟ್ಟೆ, ಸೌಟು, ಬಟ್ಟಲು. ಆಟೋದಲ್ಲಿ ಅವುಗಳನ್ನು ಮಡಿಲಲ್ಲಿಟ್ಟುಕೊಂಡು ಬರುವಾಗ ನನ್ನ ಕೈಯೇ ನನಗೆ ಬೇರೆಯವರದ್ದು ಅನ್ನಿಸಿತು. ಕಾಗದವನ್ನು ಯಾದಮ್ಮನ ಕೈಯಿಂದ ಬಿಚ್ಚಿಸಿದೆ. ಅನ್ನವನ್ನು ಮಿಲಿಂದ ಮಾಡಿದ, ತಾನೇ ಬಡಿಸಿದ. ನಾನು ಆ ಕೋಣೆಗೇ ಹೋಗಲಿಲ್ಲ.

ಉಣ್ಣಲಿಲ್ಲ.

ಕೃಷ್ಣಾಬಾಯಿ ಸಂಜೆ ಬಸ್ಸಿಗೆ ಊರಿಗೆ ಹೋದರು. ಹೋಗುವಾಗ ನನ್ನ ತಲೆ ಸವರಿದರು. ಅದು ಬೈಗುಳಕ್ಕಿಂತ ಕಷ್ಟವಾಯಿತು.

೨೪ ಜೂನ್, ಗುರುವಾರ

ತೂಕ ಭಾಳ ಇಳಿದಿದೆ. ಈಗ ಹಾಲು ಮಾತ್ರ, ಅದೂ ಅರ್ಧ ಲೋಟ. ಸೋಮವಾರದೊಳಗೆ ಊಟ ಮಾಡದಿದ್ದರೆ ಮೂಗಿನಲ್ಲಿ ನಳಿಗೆ ಹಾಕುತ್ತೇನೆ ಎಂದರು ಡಾಕ್ಟರು. ಕೈಯಿಂದ ಕಿತ್ತುಕೊಳ್ಳದಂತೆ ಎಡಗೈಯನ್ನು ಮಂಚಕ್ಕೆ ಕಟ್ಟಬೇಕಾಗಬಹುದು. ಅವರೆದುರಿಗೇ ಹೇಳಿದರು. ಅವರು ಕಣ್ಣು ಮುಚ್ಚಿಕೊಂಡರು.

ಇರುವುದೊಂದು ಕೈ. ಅದನ್ನೂ ಕಟ್ಟುವುದು.

ಮನೆಗೆ ಬಂದು ಇನ್ನೊಂದು ನಮೂನೆಯ ಚಮಚ ಬಿಡಿಸುತ್ತಿದ್ದೆ. ಮಿಲಿಂದ ಹಾಳೆಯನ್ನು ಕಿತ್ತುಕೊಂಡ. “ಸಾಕು ಮಾಡು ಕಮಲಾ. ಅಪ್ಪಾ ನಿನ್ನ ಆಫೀಸಿನ ಗಿರಾಕಿ ಅಲ್ಲ.”

“ಹಂಗಾರ ನೀ ಏನ್ ಮಾಡಾಕತ್ತೀ? ನೀ ಅವರ ಮಗ. ನಿನಗ ಏನ್ ತಿಳದೈತಿ ಹೇಳು.”

ಹಾಳೆಯನ್ನು ನೆಟ್ಟಗೆ ಮಾಡಿ ಮೇಜಿನ ಮೇಲಿಟ್ಟು ಹೋದ.

೨೫ ಜೂನ್, ಶುಕ್ರವಾರ

ಇವತ್ತೂ ಇಲ್ಲ. ನನಗೆ ಇನ್ನೇನೂ ಹೊಳೆಯುತ್ತಿಲ್ಲ.

೨೭ ಜೂನ್, ರವಿವಾರ

ಎಲ್ಲವನ್ನೂ ಸರಿಯಾಗಿ ಬರೆದಿಡಬೇಕು.

ನಮ್ಮ ಅಪ್ಪ ವೀರಭದ್ರಪ್ಪ ರಾಯಚೂರಿನಿಂದ ಬೆಳಗಿನ ರೈಲಿಗೆ ಬಂದರು. ಬೀಗರನ್ನು ನೋಡಿ ಹೋಗಲು. ನಾಳೆ ನಳಿಗೆ ಎಂದು ಫೋನಿನಲ್ಲಿ ಹೇಳಿದ್ದೆ, ಮಾತಿನ ನಡುವೆ ಅತ್ತಿದ್ದೆ, ಅದಕ್ಕೇ ಬಂದರೆಂದು ಗೊತ್ತು. ಮಂಚದ ಬಳಿ ಕುರ್ಚಿ ಎಳೆದುಕೊಂಡು, “ಇಷ್ಟು ವರ್ಸ ನೀವು ಹೇಳ್ತಿದ್ರಿ, ನಾ ಕೇಳ್ತಿದ್ದೆ. ಈಗ ನಾ ಹೇಳ್ತೀನ್ರಿ ರಾಯರ, ನೀವು ಕೇಳ್ರಿ” ಎಂದು ಊರಿನ ಸುದ್ದಿ ಶುರು ಮಾಡಿದರು. ಮಿಲಿಂದನ ಅಪ್ಪನ ಮುಖದಲ್ಲಿ ಸಣ್ಣದೊಂದು ನಗು ಬಂದದ್ದನ್ನು ನಾನು ಬಾಗಿಲಿಂದ ಕಂಡೆ.

ಮಧ್ಯಾಹ್ನ ಇಬ್ಬರಿಗೂ ಎದುರುಬದುರು ಬಡಿಸಿದೆ. ಇವರ ತಟ್ಟೆಯ ಬಳಿ ಮುಚ್ಚಳದ ಲೋಟ, ಅಪ್ಪನ ಬಳಿ ಸ್ಟೀಲಿನ ಲೋಟ. ಅಪ್ಪ ತಟ್ಟೆಯನ್ನು ಸ್ವಲ್ಪ ದೂರ ಸರಿಸಿದರು.

“ತಡಿಯವ್ವಾ. ಬಂದ ಗಡಿಬಿಡ್ಯಾಗ ಇನ್ನೂ ಲಿಂಗಪೂಜಿ ಆಗಿಲ್ಲ.”

“ಅನ್ನ ಆರಿ ಹೊಕ್ಕೈತಿ ಅಪ್ಪಾ.”

“ಆರಲಿ. ಅದಾಗದ ಗಂಟಲದಾಗ ಇಳಿಯಂಗಿಲ್ಲ, ನಿನಗ ಗೊತ್ತೈತಲ್ಲ.”

ಗೊತ್ತಿತ್ತು. ಹುಟ್ಟಿದಾಗಿನಿಂದ ನೋಡಿದ್ದೇನೆ. ಜ್ವರವಿದ್ದರೂ, ಪ್ರಯಾಣವಿದ್ದರೂ, ಪೂಜೆಯಾಗದೆ ಅಪ್ಪ ಅನ್ನ ಮುಟ್ಟಿದವರಲ್ಲ. ಅವರು ಎದೆಯ ಮೇಲಿನ ಲಿಂಗವನ್ನು ಬಿಚ್ಚಿ ಎಡ ಅಂಗೈಯಲ್ಲಿಟ್ಟುಕೊಂಡರು. ಲೋಟದಿಂದ ಅದರ ಮೇಲೆ ನೀರು ಬಿಟ್ಟರು. ಕಣ್ಣು ಮುಚ್ಚಿದರು. ಇವರು ಆ ನೀರನ್ನೇ ನೋಡುತ್ತಿದ್ದರು. ಎಷ್ಟೋ ದಿನದಿಂದ ಏನನ್ನೂ ಹಾಗೆ ನೋಡಿರಲಿಲ್ಲ. ಅಪ್ಪ ಲೋಟ ಕೆಳಗಿಟ್ಟದ್ದೇ ತಡ, ಇವರ ಎಡಗೈ ಮೇಜಿನ ಆಚೆಗೆ ಚಾಚಿತು, ಲೋಟವನ್ನು ಎಳೆದುಕೊಂಡಿತು, ಬಗ್ಗಿಸಿತು. ನೀರು ಮಡಿಲಿಗೆ ಬಿತ್ತು.

ಒರೆಸುವ ಬಟ್ಟೆ ಹಿಡಿದು ಎದ್ದವಳು ಅಲ್ಲೇ ನಿಂತುಬಿಟ್ಟೆ.

ಮಡಿಲಲ್ಲಿ ಅವರ ಬಲಗೈ ಇತ್ತು. ಅಂಗೈ ಮೇಲೆ ಮಾಡಿ ಮಲಗಿತ್ತು. ನೀರು ಬಿದ್ದದ್ದು ಅದರ ಮೇಲೆ. ಅವರು ಚೆಲ್ಲುತ್ತಿರಲಿಲ್ಲ. ಮೊದಲ ದಿನದಿಂದಲೂ ಚೆಲ್ಲಿರಲಿಲ್ಲ. ಬಲ ಅಂಗೈಗೆ ನೀರು ಹಾಕಿಕೊಳ್ಳುತ್ತಿದ್ದರು.

“ಆಪೋಶನ ಏನ್ರಿ ಮಾವಾರ?” ಅಂದೆ.

ಅವರು ಕಣ್ಣು ಮುಚ್ಚಿದರು. ಮುಚ್ಚಿದ ರೆಪ್ಪೆಯಿಂದ ನೀರು ಇಳಿಯಿತು. ‘ಏ’ ಅಂದರು.

ಉಣ್ಣುವ ಮೊದಲು ಅವರು ಬಲ ಅಂಗೈಯಲ್ಲಿ ನೀರು ತೆಗೆದುಕೊಂಡು, ಮಂತ್ರ ಹೇಳಿ, ತಟ್ಟೆಯ ಸುತ್ತ ಬಿಟ್ಟು, ಒಂದು ಗುಟುಕು ಕುಡಿಯುತ್ತಿದ್ದರು. ಅದಿಲ್ಲದೆ ಅನ್ನ ಮುಟ್ಟುವಂತಿಲ್ಲ. ಅವಲಕ್ಕಿಗೆ, ಹಣ್ಣಿಗೆ, ಹಾಲಿಗೆ ಆ ಕಟ್ಟುಪಾಡಿಲ್ಲ. ಎರಡು ವರ್ಷ ದಿನಾ ನನ್ನ ಕಣ್ಣೆದುರೇ ಮಾಡಿದ್ದಾರೆ. ನಾನು ಬಡಿಸಿ ಒಳಗೆ ಹೋಗುತ್ತಿದ್ದೆ. ಎಂಟನೇ ವಯಸ್ಸಿನಲ್ಲಿ ಮುಂಜಿಯಾದ ಮಿಲಿಂದ ಹಾಸ್ಟೆಲಿನಲ್ಲಿ ಅದನ್ನು ಬಿಟ್ಟು ಮರೆತೇ ಹೋಗಿದ್ದ. ಜಡ್ಡಿನವರಿಗೆ ನೇಮವಿಲ್ಲವೆಂದು ಕೃಷ್ಣಾಬಾಯಿ ಅವರ ಪರವಾಗಿ ತೀರ್ಮಾನಿಸಿದ್ದರು. ನಾನೋ, ಕೈ ಕಟ್ಟಿಕೊಂಡು ಅವರ ಕುರ್ಚಿಯಲ್ಲಿ ಕೂತು, ನಾನು ಉಣ್ಣುವ ಹಾಗೆ ಉಂಡು ಎದ್ದಿದ್ದೆ. ಬಾಯಿಲ್ಲದ ಮನುಷ್ಯ ತನಗೆ ಬೇಕಾದದ್ದನ್ನು ಪ್ರತಿ ಊಟಕ್ಕೂ ಮಾಡಿ ತೋರಿಸಿದರೆ, ಅದನ್ನು ಮಾಡಲಿಕ್ಕೇ ಆಗದಂಥ ಲೋಟ ತಂದು ಕೊಟ್ಟೆ. ಚೀಪುವ ಲೋಟ. ಮತ್ತೆ ಚೆಲ್ಲಲಿಲ್ಲ ಎಂದು ಇಲ್ಲಿ ಬರೆದುಕೊಂಡೆ.

ತಿಳಿದರೆ ಮುಗಿಯಿತೇ. ಅವರ ಬಲ ಅಂಗೈ ಹಲಗೆಯ ಹಾಗೆ ಚಪ್ಪಟೆ. ನೀರು ಹಾಕಿದರೆ ಬೆರಳ ಸಂದಿಯಿಂದ ಹರಿದುಹೋಗುತ್ತದೆ. ಹಾಕಿದರು, ಹೋಯಿತು. ಮತ್ತೆ ಹಾಕಿದರು. ನನಗೆ ತಲೆ ಕೆಟ್ಟಂತಾಯಿತು. ಸಣ್ಣ ಬಟ್ಟಲನ್ನು ಅಂಗೈಯಲ್ಲಿಟ್ಟೆ, ಪಕ್ಕಕ್ಕೆ ತೆಗೆದಿಟ್ಟರು. ಅಡಿಗೆಮನೆಗೆ ಓಡಿ ಚಪಾತಿಯ ಕಣಕ ತಂದು ಅಂಗೈಯ ಸುತ್ತ ಒಡ್ಡು ಕಟ್ಟಿದೆ. ಅವರು ನನ್ನನ್ನು ಎಷ್ಟು ಮರುಕದಿಂದ ನೋಡಿದರೆಂದರೆ ನಾನೇ ಅದನ್ನು ಕಿತ್ತು ತೊಳೆದೆ. ಮಿಲಿಂದ ಕಿಟಕಿಯ ಕಡೆ ಮುಖ ಮಾಡಿ ನಿಂತಿದ್ದ. ಅಪ್ಪನ ಪೂಜೆ ಮುಗಿದಿತ್ತು, ಆದರೆ ಅವರೂ ತಟ್ಟೆ ಮುಟ್ಟಲಿಲ್ಲ. “ಬೀಗರು ಉಣ್ಣದ ನಾ ಹ್ಯಾಂಗ ಉಣ್ಣಲಿ” ಅಂದರು. ನಾಳೆ ಬೆಳಿಗ್ಗೆ ನಳಿಗೆ. ಇಬ್ಬರು ಮುದುಕರು ಆರಿದ ಅನ್ನದ ಮುಂದೆ ಕೂತಿದ್ದಾರೆ. ನನ್ನ ಹತ್ತಿರ ಮಾಡಲು ಇನ್ನೇನೂ ಇರಲಿಲ್ಲ.

ಏನೂ ಇಲ್ಲದ್ದಕ್ಕೇ ಕುರ್ಚಿಯ ಪಕ್ಕ ನೆಲಕ್ಕೆ ಕೂತೆ. ಅವರ ಬಲಗೈ ಕೆಳಗೆ ನನ್ನ ಬಲಗೈ ಇಟ್ಟು, ನನ್ನ ಬೆರಳಿನಿಂದ ಅವರ ಬೆರಳನ್ನು ಮಡಚಿ ಹಿಡಿದೆ. ಅಂಗೈ ಗುಳಿಯಾಯಿತು. ಮುಟ್ಟಬಹುದೋ ಮುಟ್ಟಬಾರದೋ ಎಂದು ಆಮೇಲೆ ಯೋಚನೆ ಬಂತು. ಅವರು ನನ್ನ ಕೈಯನ್ನು ನೋಡಿದರು. ಬಹಳ ಹೊತ್ತು ನೋಡಿದರು. ಬಿಡಿಸಿಕೊಳ್ಳುತ್ತಾರೆ ಅಂದುಕೊಂಡೆ. ಎಡಗೈಯಲ್ಲಿ ಲೋಟ ಎತ್ತಿ ನೀರು ಹಾಕಿದರು. ನಿಂತಿತು.

ತುಟಿ ಅಲುಗಾಡಿತು. ಮಂತ್ರ ಪೂರ್ತಿ ‘ಏ’ಯಲ್ಲೇ ಹೇಳಿದರು. ಏರಿಳಿತ ಅದೇ, ಅಡಿಗೆಮನೆಯಲ್ಲಿದ್ದಾಗ ನನ್ನ ಕಿವಿಗೆ ಬೀಳುತ್ತಿದ್ದದ್ದೇ. ತಟ್ಟೆಯ ಸುತ್ತ ನೀರು ಬಿಡುವಾಗ ಅವರ ಕೈಯ ಜೊತೆ ನನ್ನದೂ ಸುತ್ತಿ ಬಂತು. ಉಳಿದ ಗುಟುಕನ್ನು ಬಗ್ಗಿ ಅಂಗೈಯಿಂದಲೇ ಕುಡಿದರು. ಆಮೇಲೆ ಎಡಗೈಯನ್ನು ಅನ್ನಕ್ಕೆ ಹಾಕಿದರು. ಕೈಯಿಂದಲೇ, ಚಮಚವಿಲ್ಲದೆ. ಮೀಸೆಗೆ, ಪಂಚೆಗೆ, ನೆಲಕ್ಕೆ ಎಲ್ಲ ಕಡೆ ಅಗುಳು.

ಮಾವ ಉಂಡರು. ಮಜ್ಜಿಗೆಯವರೆಗೂ ಉಂಡರು.

೨೮ ಜೂನ್, ಸೋಮವಾರ

ನಳಿಗೆ ಬೇಡವಂತೆ. ಮುಂದಿನ ವಾರ ನೋಡೋಣ ಅಂದರು ಡಾಕ್ಟರು. ಆಸ್ಪತ್ರೆಯ ಕಾರಿಡಾರಿನಲ್ಲಿ ಮಿಲಿಂದ, “ನನಗ ಗೊತ್ತಿರಬೇಕಿತ್ತು, ನನಗ” ಎಂದು ಒಂದೇ ಮಾತು ಹೇಳುತ್ತಿದ್ದ. ರಾತ್ರಿಯ ಊಟಕ್ಕೆ ಈಗ ಅವನು ಕೈ ಹಿಡಿಯುತ್ತಾನೆ.

೨ ಜುಲೈ, ಶುಕ್ರವಾರ

ಸಂತೋಷ ಪಡಲಿಕ್ಕೂ ಪುರಸೊತ್ತಿಲ್ಲ. ಲೋಟಕ್ಕೆ ಅಚ್ಚು ತಯಾರಾಗುತ್ತಿದೆ, ಮಂಗಳವಾರದಿಂದ ಪೂರ್ತಿ ದಿನ ಬಾ ಎಂದರು ಸೂರ್ಯನಾರಾಯಣ ಗಾರು. ಬರದಿದ್ದರೆ ಆ ಕೆಲಸ ಬೇರೆಯವರ ಮೇಜಿಗೆ ಹೋಗುತ್ತದೆ, ಆಮೇಲೆ ನನ್ನನ್ನು ದೂರಬೇಡ ಅಂದರು. ಅವರದ್ದೂ ತಪ್ಪಿಲ್ಲ, ತಿಂಗಳಿಡೀ ನಾನು ಮಧ್ಯಾಹ್ನದ ಊಟ ಮುಗಿಸಿಯೇ ಹೋಗಿದ್ದೇನೆ. ಆದರೆ ಮಧ್ಯಾಹ್ನದ ಊಟಕ್ಕೆ ಮಾವನ ಕೈ ಹಿಡಿಯುವವರು ಯಾರು? ಯಾದಮ್ಮನನ್ನು ಕೇಳಿದರೆ ಎರಡು ಹೆಜ್ಜೆ ಹಿಂದೆ ಸರಿದು, ಮಂತ್ರದ ನೀರು ತನಗೆ ಬೇಡ ಅಂದಳು. ಈ ಮನೆಯ ಒಲೆ ಕೈಗೆ ಬಂದ ಮೊದಲ ದಿನ ನನಗೂ ಅಂಥದೇ ಭಯವಿತ್ತು, ಒತ್ತಾಯಿಸಲಿಲ್ಲ.

ಹಾಗಾಗಿ ಒಂದು ಹಿಡಿ ಮಾಡುತ್ತಿದ್ದೇನೆ. ಅಂಗೈಯನ್ನು ಗುಳಿಯಾಗಿ ಹಿಡಿದಿಡುವ ಹಿಡಿ. ಇನ್ನೊಬ್ಬರು ಮುಟ್ಟುವ ಅಗತ್ಯವೇ ಬೀಳಬಾರದು. ಆಸ್ಪತ್ರೆಯ ಸಾಮಾನಿನ ಹಾಗೆ ಕಾಣಬಾರದೆಂದು ತಾಮ್ರದ ತೆಳು ಪಟ್ಟಿ ತಂದೆ, ಅವರ ಪೂಜೆಯ ಪಾತ್ರೆಯ ಜಾತಿಯದೇ. ಚರ್ಮಕ್ಕೆ ತಾಗುವ ಕಡೆ ಅವರದೇ ಹಳೆಯ ಮಡಿಪಂಚೆಯ ಬಟ್ಟೆ. ಮೇಣದಲ್ಲಿ ನನ್ನ ಬೆರಳುಗಳ ಅಚ್ಚು ತೆಗೆದು, ನಾನು ಒತ್ತುವ ಜಾಗದಲ್ಲೇ ತಾಮ್ರವೂ ಒತ್ತುವಂತೆ ಬಗ್ಗಿಸಿದೆ. ನಾನು ಇದುವರೆಗೆ ಮಾಡಿದ್ದರಲ್ಲಿ ಇದೇ ಚೆಂದದ ವಸ್ತು. ಮಿಲಿಂದನ ಕೈಗೆ ಹಾಕಿ ನೀರು ಹೊಯ್ದೆ. ನಿಂತಿತು.

೬ ಜುಲೈ, ಮಂಗಳವಾರ

ಬೆಳಿಗ್ಗೆ ಹೋಗಲಾಗಲಿಲ್ಲ. ಹೊಸ ಹಿಡಿಯನ್ನು ಒಮ್ಮೆ ಊಟದಲ್ಲೇ ನೋಡಿ, ಸರಿಯಿದ್ದರೆ ಊಟ ಮುಗಿಯುವ ಮೊದಲೇ ಹೊರಡುವುದೆಂದು ಆಫೀಸಿಗೆ ಹೇಳಿದ್ದೆ. ಚೀಲ ಹೆಗಲಿಗೆ ಹಾಕಿಕೊಂಡು ಬಾಗಿಲಲ್ಲಿ ನಿಂತೆ. ನಾನಿಲ್ಲದಾಗ ಹೇಗೆ ನಡೆಯುತ್ತದೋ ಹಾಗೇ ನಡೆಯಬೇಕಿತ್ತು.

ಯಾದಮ್ಮ ತಟ್ಟೆ ಇಟ್ಟಳು. ಮಾವ ತಾವೇ ಎಡಗೈಯಿಂದ ಹಿಡಿಯನ್ನು ಬಲಗೈಗೆ ತೊಡಿಸಿಕೊಂಡರು, ಹೇಳಿಕೊಟ್ಟ ಹಾಗೆಯೇ. ಸ್ಟೀಲಿನ ಲೋಟದಿಂದ ನೀರು ಹಾಕಿದರು. ಅಂಗೈಯಲ್ಲಿ ನೀರು ಅಲುಗದೆ ನಿಂತಿತು. ಒಂದು ಹನಿ ಕೆಳಗೆ ಬರಲಿಲ್ಲ. ಗೆದ್ದೆ ಅಂದುಕೊಂಡೆ. ಬಾಗಿಲ ಮರೆಯಲ್ಲಿ ನನಗೆ ನಿಜಕ್ಕೂ ಕಣ್ಣು ತುಂಬಿತು. ಡಾಕ್ಟರು ಹೇಳಿದ್ದೂ ಇದನ್ನೇ, ಯಾರ ಹಂಗೂ ಇಲ್ಲದೆ ತಾವೇ ಉಣ್ಣಬೇಕು.

ಮಾವ ಆ ನೀರನ್ನು ನೋಡುತ್ತ ಕೂತರು. ಮಂತ್ರ ಹೇಳಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಕೈ ವಾಲಿಸಿ ನೀರನ್ನು ಲೋಟಕ್ಕೇ ವಾಪಸು ಬಿಟ್ಟರು, ನಿಧಾನವಾಗಿ, ಚೆಲ್ಲದ ಹಾಗೆ. ಹಲ್ಲಿನಿಂದ ಹಿಡಿಯ ಬಟ್ಟೆಯ ಗಂಟು ಬಿಚ್ಚಿದರು. ಹಿಡಿಯನ್ನು ಮೇಜಿನ ತುದಿಗೆ ಜೋಪಾನವಾಗಿ ಇಟ್ಟರು. ಎಡಗೈಯಿಂದ ಬಲಗೈಯನ್ನು ಎತ್ತಿ, ಅಂಗೈ ಮೇಲೆ ಮಾಡಿ, ಬಾಗಿಲ ಕಡೆ ಚಾಚಿದರು. ನಾನು ಅಲ್ಲಿ ನಿಂತಿರುವುದು ಅವರಿಗೆ ಮೊದಲಿಂದಲೂ ಗೊತ್ತಿತ್ತೋ ಏನೋ.

“ಏ” ಅಂದರು.

ಒಂದು ವಾರ ಕೂತು ಮಾಡಿದ್ದು. ಎಲ್ಲಿ ತಪ್ಪಿದೆ ಎಂದು ಹುಡುಕಬೇಕು ಅನ್ನಿಸಿತು. ತಪ್ಪೇನೂ ಇರಲಿಲ್ಲ, ಚೆನ್ನಾಗಿಯೇ ಇತ್ತು. ತಾವೇ ಉಣ್ಣಲಿ ಅನ್ನುವುದು ಡಾಕ್ಟರ ಆಸೆ, ನನ್ನ ಆಸೆ. ಮಾವನನ್ನು ಯಾರೂ ಕೇಳಿರಲಿಲ್ಲ. ನಾಳೆ ಏನು, ನಾಡಿದ್ದು ಏನು, ನನಗೆ ತಿಳಿಯದು. ಚೀಲ ಕೆಳಗಿಟ್ಟೆ. ಕೈ ತೊಳೆದು ಬಂದು ಕುರ್ಚಿಯ ಪಕ್ಕ ಕೂತು ಅವರ ಬೆರಳು ಮಡಚಿ ಹಿಡಿದೆ. ಅವರು ನೀರು ಹಾಕಿ ಕಣ್ಣು ಮುಚ್ಚಿದರು.

ಚೀಲದಲ್ಲಿ ಫೋನು ಹೊಡೆದುಕೊಳ್ಳತೊಡಗಿತು. ಸೂರ್ಯನಾರಾಯಣ ಗಾರು ಇರಬೇಕು. ನಿಂತಿತು, ಮತ್ತೆ ಶುರುವಾಯಿತು. ಅಂಗೈ ತುಂಬ ನೀರಿತ್ತು. ನಾನು ಏಳಲಿಲ್ಲ.